ಒಂಬತ್ತು ಮೂವತ್ತೈದು

ಅರ್ಧ ಮುಖಕ್ಕೆ ನೊರೆ ಹತ್ತಿತ್ತು, ಇನ್ನರ್ಧಕ್ಕೆ ಹತ್ತಬೇಕಾಗಿತ್ತು. ಆಗ ಅವನು ಕನ್ನಡಿಯಲ್ಲಿ ತನ್ನ ಮುಖ ಬಿಟ್ಟು ಬೇರೇನನ್ನೋ ನೋಡಿದ. ಅರವತ್ತೆಂಟು ವರ್ಷದಲ್ಲಿ ಇದೇ ಮೊದಲು. ಕನ್ನಡಿಯೊಳಗೆ ತನ್ನಂಥ ಮುಖವೊಂದು ಇರುವಾಗ ಇನ್ನೊಂದರ ಕಡೆ ಕಣ್ಣು ಹಾಯಿಸುವಷ್ಟು ಅರಸಿಕ ಅವನಲ್ಲ. ಆ ಮೀಸೆಯನ್ನು ನೋಡಲೆಂದೇ ಹಿಂದೆ ಪಕ್ಕದೂರಿನಿಂದ ಬಸ್ಸು ತುಂಬಿ ಬರುತ್ತಿದ್ದರೆಂದು ಅವನೇ ಹೇಳಿದ್ದಾನೆ, ಅವನೇ ಹೇಳಿದ ಮೇಲೆ ಸುಳ್ಳಾಗುವುದು ಹೇಗೆ. ಆದರೆ ಇವತ್ತು ಎಡಗಿವಿಯ ಪಕ್ಕ, ಕನ್ನಡಿಯ ಆಳದಲ್ಲಿ, ಒಂದು ಬೀದಿ ನಿಂತಿತ್ತು. ಹಿಂದಿನ ಗೋಡೆಗೆ ಸಲೂನಿನವನು ನಿನ್ನೆ ತೂಗುಹಾಕಿದ ಬಾಗಿಲಗಲದ ಕಪ್ಪುಬಿಳುಪು ಫೋಟೋ. ಊರಿನ ಮುಖ್ಯ ಬೀದಿ, ಸಾಲು ಅಂಗಡಿ, ಒಂದು ಟೀ ಅಂಗಡಿಯ ಬೆಂಚು, ದೂರದ ತುದಿಯಲ್ಲಿ ಒಂದು ಕಬ್ಬಿಣದ ಗೇಟು, ಎಲ್ಲಕ್ಕಿಂತ ಮೇಲೆ ಗಡಿಯಾರದ ಗೋಪುರ. ಅವನ ಗೋಪುರ. ಕನ್ನಡಿಯೊಳಗೆ ಎಲ್ಲವೂ ಎಡ ಬಲವಾಗಿತ್ತು. ಬೇರೆ ಯಾರೇ ಆಗಿದ್ದರೂ ಎರಡು ಇಪ್ಪತ್ತೈದು ಅಂದು ಸುಮ್ಮನಾಗುತ್ತಿದ್ದರು. ಅವನು ಮಾತ್ರ ಇಪ್ಪತ್ತೊಂಬತ್ತು ವರ್ಷ ಆ ಗಡಿಯಾರದ ಹೊಟ್ಟೆಯೊಳಗೆ, ಹಾಲುಗಾಜಿನ ಹಿಂದೆ ನಿಂತು, ಮುಳ್ಳುಗಳ ನೆರಳನ್ನು ಒಳಗಿನಿಂದ ಓದಿದವನು. ಊರೆಲ್ಲ ಮುಂದಿನಿಂದ ನೋಡಿದ ಹೊತ್ತನ್ನು ಬೆನ್ನಿನ ಕಡೆಯಿಂದ ನೋಡಿದ ಒಬ್ಬನೇ ಒಬ್ಬ ಮನುಷ್ಯ. ಕಣ್ಣು ಬಿದ್ದ ಕೂಡಲೇ ಓದಿದ: ಒಂಬತ್ತು ಮೂವತ್ತೈದು. ಎದೆಯೊಳಗೆ ಎಲ್ಲೋ ಒಂದು ಚಕ್ರದ ಹಲ್ಲು ಜಾರಿತು.

"ತಲೆ ಅಲ್ಲಾಡಿಸಬೇಡಿ ಯಜಮಾನ್ರೇ, ಕಿವಿ ಹೋದ್ರೆ ನಾನು ಜವಾಬ್ದಾರನಲ್ಲ" ಎಂದ ಸಲೂನಿನವನು.

"ಆ ಫೋಟೋ ಎಲ್ಲಿ ಸಿಕ್ತಯ್ಯಾ?"

"ಹಳೇ ಸ್ಟುಡಿಯೋ ಖಾಲಿ ಮಾಡ್ತಿದ್ರಲ್ಲ, ಅಲ್ಲಿ. ಡಬ್ಬಿ ತುಂಬಾ ನೆಗೆಟಿವ್ ಇತ್ತು. ಇದೊಂದು ಚೆನ್ನಾಗಿತ್ತು, ದೊಡ್ಡದು ಮಾಡಿಸ್ದೆ. ಬೆಳಿಗ್ಗೆಯಿಂದ ಬಂದವರೆಲ್ಲ ಗಡ್ಡ ಬಿಟ್ಟು ಅದನ್ನೇ ನೋಡ್ತಾರೆ."

ಫೋಟೋ ಬರಲೇ ಇಲ್ಲ, ಬೆಳಕು ನುಗ್ಗಿ ಹಾಳಾಯಿತು ಎಂದಿದ್ದ ಅಲ್ಲವೇ ಆ ಫೋಟೋದವನು, ಮೂವತ್ತಾರು ವರ್ಷದ ಹಿಂದೆ? ಆ ಮಾತು ಕೇಳಿ ಇವನು ಬದುಕಿದೆಯಾ ಬಡಜೀವವೇ ಅಂದುಕೊಂಡು ಒಂದು ಸೇರು ಸಕ್ಕರೆ ಹಾಕಿದ ಟೀ ಕುಡಿದಿದ್ದ. ಅಂದರೆ ಇಷ್ಟೂ ವರ್ಷ ಅದು ಒಂದು ಡಬ್ಬಿಯೊಳಗೆ, ಇವನ ಮನೆಗೆ ನಾಲ್ಕು ಬೀದಿ ಆಚೆ, ಕಣ್ಣು ಬಿಟ್ಟುಕೊಂಡೇ ಮಲಗಿತ್ತು. ಇವನು ಮದುವೆ ಊಟ ಉಂಡಾಗ, ನಿವೃತ್ತಿಯ ಹಾರ ಹಾಕಿಸಿಕೊಂಡಾಗ, ಭಾಷಣದಲ್ಲಿ ಸೂರ್ಯನನ್ನೂ ತನ್ನ ಕೈಕೆಳಗಿನ ನೌಕರನಂತೆ ಮಾತಾಡಿಸಿ ಚಪ್ಪಾಳೆ ಗಿಟ್ಟಿಸಿದಾಗ, ಆ ಡಬ್ಬಿಯೊಳಗೆ ಮುಳ್ಳು ಒಂಬತ್ತು ಮೂವತ್ತೈದರಲ್ಲೇ ಇತ್ತು. ಕತ್ತಿಯ ತಣ್ಣನೆ ಅಂಚು ಗಂಟಲಿನ ಮೇಲೆ ಬಂತು. ಅವನು ಉಗುಳು ನುಂಗಲಿಲ್ಲ.

ಆ ಬೆಳಿಗ್ಗೆ ಫೋಟೋದವನು ಮೂರು ಕಾಲಿನ ಸ್ಟ್ಯಾಂಡು ಹೊತ್ತುಕೊಂಡು ಬೀದಿಯ ನಡುವೆ ಬಂದು ನಿಂತಿದ್ದ. ಗಡಿಯಾರಾನೂ ಬರುತ್ತಾ ಚಿತ್ರದಲ್ಲಿ, ಎಂದು ಕೇಳಿದ್ದು ಇವನೇ. ಬರುತ್ತೆ, ಆದ್ರೆ ಮುಳ್ಳು ಓಡ್ತಾ ಇದ್ರೆ ಕಲಸಿಹೋಗುತ್ತೆ ನೋಡಿ, ನಿಲ್ಲಿಸೋಕಾಗುತ್ತಾ ಒಂದ್ನಿಮಿಷ? ಇವನು ಬಾಯಿ ತೆರೆಯುವ ಮೊದಲೇ ಫೋಟೋದವನೇ ಅಂದ, ಆಗಲ್ಲ ಬಿಡಿ, ಅದೆಲ್ಲಾ ದೊಡ್ಡ ಇಂಜಿನಿಯರುಗಳ ಕೆಲಸ. ಅದು ಶುದ್ಧ ತಮಾಷೆ ಎಂದು ಇವನಿಗೆ ತಿಳಿಯಲಿಲ್ಲವೆಂದಲ್ಲ. ಗಡಿಯಾರದ ಮುಳ್ಳು ಓಡುವುದನ್ನು ಕಣ್ಣಲ್ಲಿ ಕಂಡವರು ಯಾರಿದ್ದಾರೆ? ಆದರೆ 'ಆಗಲ್ಲ ಬಿಡಿ' ಎಂಬುದು ಕಿವಿಗೆ ಬಿದ್ದ ಮೇಲೆ ಇವನೊಳಗೆ ಬುದ್ಧಿ ಎಂಬುದು ಉಳಿಯುತ್ತಿರಲಿಲ್ಲ. ತೊಂಬತ್ತನಾಲ್ಕು ಮೆಟ್ಟಿಲನ್ನು ಒಂಬತ್ತು ಹಾರಿಕೆಯಲ್ಲಿ ಹತ್ತಿದ. ಆಳೆತ್ತರದ ಪೆಂಡುಲಮ್ಮನ್ನು ಒಂದು ಕಡೆಗೆ ಎಳೆದು ಬಲಗೈಯಲ್ಲಿ ಹಿಡಿದ. ಬಿಟ್ಟ ಕೂಡಲೇ ಮತ್ತೆ ಓಡಲಿ ಎಂದು. ಗಾಳಿಗಿಂಡಿಯಲ್ಲಿ ಮುಖ ಇಟ್ಟ. ಎಡಗೈಯಲ್ಲಿ ಮೀಸೆ ತಿದ್ದಿಕೊಂಡ. ಕೆಳಗೆ ನೀರಿನ ಗಾಡಿಯೊಂದು ಅಡ್ಡ ಬಂತು, ಅದು ಹೋಗುವ ತನಕ ಕಾದರು, ಒಂದು ನಾಯಿ ಬಂದು ಮಧ್ಯೆ ಕೂತಿತು, ಮೋಡ ಬಂತು, ಫೋಟೋದವನು ಕಪ್ಪು ಬಟ್ಟೆಯೊಳಗೆ ಹೊಕ್ಕವನು ನಿದ್ದೆಹೋದನೋ ಎಂಬಂತಿದ್ದ. ಐದು ನಿಮಿಷವಾಗಿರಬೇಕು ಎಂದುಕೊಂಡ ಇವನು. ಅಳೆಯಲು ಅಲ್ಲಿ ಓಡುವ ಗಡಿಯಾರವೇ ಇರಲಿಲ್ಲವಲ್ಲ. ಜೇಬಿನ ವಾಚು ತೆಗೆಯೋಣವೆಂದರೆ ಒಂದು ಕೈ ಪೆಂಡುಲಮ್ಮಿನ ಮೇಲೆ, ಇನ್ನೊಂದು ಮೀಸೆಯ ಮೇಲೆ. ಕೆಳಗೆ ಟೀ ಅಂಗಡಿಯ ಬೆಂಚಿನ ಮೇಲೆ, ಗೇಟಿಗೆ ಬೆನ್ನು ಮಾಡಿ, ಭಾವ ಕೂತಿದ್ದರು. ಅಕ್ಕನ ಗಂಡ. ತೊಡೆಯ ಮೇಲೆ ನೋಟ್‌ಬುಕ್ಕು, ಕೈಯಲ್ಲಿ ಟೀ ಗ್ಲಾಸು. ಅವತ್ತು ಅವರ ಇಲಾಖೆಯ ಪರೀಕ್ಷೆ, ಆ ಗೇಟಿನೊಳಗೆ, ಹತ್ತು ಹೊಡೆದ ಮೇಲೆ ಒಬ್ಬರನ್ನೂ ಬಿಡುವುದಿಲ್ಲ, ವಯಸ್ಸಿನ ಲೆಕ್ಕದಲ್ಲಿ ಅವರಿಗೆ ಅದೇ ಕೊನೆಯ ಸಲ. ಮೂರು ವರ್ಷ ಓದಿದ್ದರು. ಭಾವ ತಲೆಯೆತ್ತಿ ಗಡಿಯಾರ ನೋಡಿದರು, ಕಿಂಡಿಯಲ್ಲಿ ಇವನನ್ನು ಕಂಡು ನಕ್ಕರು, ಇನ್ನೂ ಹೊತ್ತಿದೆ ಎಂದು ಮತ್ತೆ ನೋಟ್‌ಬುಕ್ಕಿಗೆ ತಲೆ ಬಗ್ಗಿಸಿದರು. ಇವನು ಅವರನ್ನು ನೋಡಿದ್ದ. ಎಷ್ಟು ಸಲ ಆ ಬೆಳಿಗ್ಗೆಯನ್ನು ಬೇರೆ ಬೇರೆ ತರಹ ತಿದ್ದಿ ತನಗೆ ತಾನೇ ಹೇಳಿಕೊಂಡರೂ ಈ ಒಂದನ್ನು ತಿದ್ದಲಾಗಲಿಲ್ಲ. ನೋಡಿದ್ದ. ಪೆಂಡುಲಮ್ಮನ್ನು ಬಿಟ್ಟು ಮುಳ್ಳು ತಿದ್ದಲು ಹೋಗಿದ್ದರೆ ಮುಖ ಕಿಂಡಿಯಿಂದ, ಚಿತ್ರದಿಂದ ಆಚೆ ಹೋಗುತ್ತಿತ್ತು.

ಗೋಪುರಕ್ಕೆ ಗಂಟೆಯೊಂದಿತ್ತು, ಅದರ ನಾಲಿಗೆ ಬಿದ್ದುಹೋಗಿ ಆಗಲೇ ಎರಡು ವರ್ಷ. ಗಂಟೆಯ ಪಾಲಿನ ನಾಲಿಗೆಯೂ ಇವನಿಗೇ ಬಂದಿದೆ ಎಂದು ಊರವರು ನಗುತ್ತಿದ್ದರು. ಹಾಗಾಗಿ ಹತ್ತು ಹೊಡೆಯಲಿಲ್ಲ ಎಂದು ಯಾರಿಗೂ ಅನಿಸಲಿಲ್ಲ. ಫೋಟೋದವನು ಕೈಬೀಸಿದ ಮೇಲೆ ಇವನು ವಾಚು ತೆಗೆದು ನೋಡಿದ: ಹತ್ತು ದಾಟಿ ನಾಲ್ಕು ನಿಮಿಷ. ಸದ್ದಿಲ್ಲದೆ ಮುಳ್ಳನ್ನು ಮುಂದೆ ತಳ್ಳಿದ. ಇಡೀ ಊರಿನ ಇಪ್ಪತ್ತೊಂಬತ್ತು ನಿಮಿಷವನ್ನು ಕಿರುಬೆರಳಲ್ಲಿ ತಳ್ಳಿದ.

"ಇಲ್ಲಿ ನೋಡ್ರಪ್ಪಾ, ನಮ್ಮಪ್ಪನ ಸೈಕಲ್ಲು!" ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಟೈಲರು ಎದ್ದು ಫೋಟೋಕ್ಕೆ ಮೂಗು ತಾಗಿಸಿದ್ದ. "ಸೀಟಿಗೆ ಆ ಪಟ್ಟೆ ಬಟ್ಟೆ ಹೊಲಿದು ಹಾಕಿದ್ದು ನಾನೇ. ನನ್ನ ಮೊದಲನೇ ಹೊಲಿಗೆ."

"ಸೈಕಲ್ಲು ಕಾಣ್ತಿಲ್ವಲ್ಲಾ, ಬರೀ ಚಕ್ರ ಕಾಣುತ್ತೆ" ಎಂದ ಸಲೂನಿನವನು.

"ಚಕ್ರ ನೋಡಿದ್ರೆ ಸೈಕಲ್ಲು ಗೊತ್ತಾಗಲ್ವಾ? ತಲೆ ನೋಡಿ ಗಿರಾಕಿ ಯಾರು ಅಂತ ಹೇಳ್ತೀಯಲ್ಲ ನೀನು, ಹಾಗೇ."

ಒಬ್ಬನಿಗೆ ಸೈಕಲ್ಲು. ಬೆಳಿಗ್ಗೆ ಬಂದ ಹಾಲಿನವನಿಗೆ ನಾಯಿಯಂತೆ. ಅದು ತನ್ನ ಅಜ್ಜಿ ಸಾಕಿದ್ದೇ ಎಂದು ಆಣೆ ಮಾಡಿ ಹೋದನಂತೆ. ಗೋಪುರದ ಬಗ್ಗೆ ಯಾರಾದರೂ ಏನಾದರೂ ಅಂದರೇ ಎಂದು ಕೇಳಲು ಇವನ ಬಾಯಿ ತುರಿಸಿತು, ಕೇಳಲು ಹೆದರಿಕೆಯಾಯಿತು. ನೊರೆಯ ಹಿಂದೆ ಹಲ್ಲು ಕಚ್ಚಿಕೊಂಡು, ಆದಷ್ಟು ಉದಾಸೀನವಾಗಿ, "ಆ ಮೂಲೇಲಿ ಒಂದು ಕ್ಯಾಲೆಂಡರ್ ತೂಗುಹಾಕಬಾರದೇನಯ್ಯ? ಮೇಲ್ಗಡೆ ಬಹಳ ಖಾಲಿ ಕಾಣುತ್ತೆ. ಬರೀ ಆಕಾಶ" ಎಂದ.

"ಆಕಾಶ ಎಲ್ಲಿ ಬಂತು, ನಿಮ್ಮ ಗಡಿಯಾರ ಇದೆಯಲ್ಲ ಅಲ್ಲಿ."

"ಅದೇ, ಅದರ ಮೇಲೇ ಹಾಕು. ಏನಂತೆ."

ಕತ್ತಿ ಗಾಳಿಯಲ್ಲಿ ನಿಂತಿತು. "ನಿಮಗೆ ಜ್ವರ ಗಿರ ಇದೆಯಾ? ಇಪ್ಪತ್ತು ವರ್ಷದಿಂದ ಇದೇ ಕುರ್ಚೀಲಿ ಕೂತು ಗಡಿಯಾರ, ಗಡಿಯಾರ ಅಂತ ನನ್ನ ಕಿವಿ ತೂತು ಮಾಡಿದ್ದೀರಿ. ಈಗ ಅದಕ್ಕೆ ಮುಸುಕು ಹಾಕು ಅಂತೀರಾ? ಬಿಡಿ ಯಜಮಾನ್ರೇ, ಅದನ್ನ ಯಾರು ನೋಡ್ತಾರೆ. ನಾನೇ ಈಗ ನೀವು ಹೇಳಿದ ಮೇಲೆ ನೋಡಿದ್ದು."

ಯಾರು ನೋಡ್ತಾರೆ. ಬಚಾವಾದೆ ಎಂದು ಮೈ ಹಗುರಾಗಬೇಕಿತ್ತು. ಆಗಲಿಲ್ಲ. ಒಂದು ಊರಿಗೆ ಊರೇ ಎದ್ದದ್ದು, ಬಾಗಿಲು ತೆಗೆದದ್ದು, ಬಸ್ಸು ಹಿಡಿದದ್ದು, ಹೆರಿಗೆಯ ಹೊತ್ತು ಬರೆಸಿದ್ದು, ಸತ್ತವರ ಹೊತ್ತು ಬರೆಸಿದ್ದು ತನ್ನ ಕೈಯ ಮುಳ್ಳು ನೋಡಿ ಎಂದುಕೊಂಡಿದ್ದವನಿಗೆ, ಆ ಮುಳ್ಳಿಗಿಂತ ಒಂದು ನಾಯಿ, ಒಂದು ಸೈಕಲ್ಲಿನ ಚಕ್ರ ದೊಡ್ಡದಾಯಿತೆಂದರೆ! ಗೋಪುರದ ಗಡಿಯಾರ ನಿಂತು ಹನ್ನೊಂದು ವರ್ಷ. ನಿಂತ ದಿನ ಒಬ್ಬನಾದರೂ ಓಡಿ ಬಂದು ಕೇಳುತ್ತಾನೆಂದು ಸಂಜೆಯ ತನಕ ಜಗಲಿಯಲ್ಲಿ ಕೂತಿದ್ದ. ಪಾರಿವಾಳಗಳು ಮಾತ್ರ ಬಂದವು, ಗೋಪುರಕ್ಕೆ, ಅವನ ಮನೆಗಲ್ಲ. ನೋಡಲಿ ಒಬ್ಬ, ಒಬ್ಬನಾದರೂ ನೋಡಿ ಕೇಳಲಿ, ಏನ್ರೀ ಗೇಟು ಮುಚ್ಚುತ್ತಿದೆ, ಗಡಿಯಾರ ಒಂಬತ್ತು ಮೂವತ್ತೈದು ಅನ್ನುತ್ತಿದೆ, ಇದು ಹೇಗೆ? ಹಾಗೆ ಮನಸ್ಸು ಕೂಗಿದ್ದಕ್ಕೂ ಅದೇ ಮನಸ್ಸು ಹೆದರಿ ಮುದುಡಿಕೊಂಡಿದ್ದಕ್ಕೂ ನಡುವೆ ಒಂದು ಟಿಕ್ಕಿನಷ್ಟೂ ಜಾಗವಿರಲಿಲ್ಲ. ಯಾಕೆಂದರೆ ಗೇಟು ಮುಚ್ಚುತ್ತಿತ್ತು. ಫೋಟೋದ ತುದಿಯಲ್ಲಿ ಉಗುರಿನಷ್ಟು ಕಾವಲುಗಾರ ಎರಡೂ ಕೈಯಲ್ಲಿ ಕಬ್ಬಿಣದ ಬಾಗಿಲನ್ನು ಎಳೆಯುತ್ತಿದ್ದ. ಬೆಂಚಿನ ಮೇಲೆ ಭಾವ, ಆ ಕಾವಲುಗಾರನಿಗೆ ಬೆನ್ನು ಮಾಡಿ, ಗ್ಲಾಸು ಹಿಡಿದು, ಮುಖವೆತ್ತಿ ಗಡಿಯಾರ ನೋಡುತ್ತಿದ್ದರು. ಗಡಿಯಾರದ ಕೆಳಗಿನ ಕಿಂಡಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ. ಅದು ಇವನ ಮುಖ. ಮೀಸೆ ಬಂದಿರಲಿಲ್ಲ. ಅಷ್ಟೆಲ್ಲ ಮಾಡಿದರೂ ಮೀಸೆ ಬಂದಿರಲಿಲ್ಲ.

ಅವತ್ತು ಆಮೇಲೆ ಗೇಟಿನ ಹತ್ತಿರ ಗಲಾಟೆ. ಇವನು ಇಳಿದು ಹೋಗುವಷ್ಟರಲ್ಲಿ ಜನ ಸೇರಿದ್ದರು. ಭಾವ ಸರಳು ಹಿಡಿದುಕೊಂಡು, ಈಗ ನೋಡಿದೆ ಸಾರ್, ಈಗ ತಾನೇ ನೋಡಿದೆ, ಒಂಬತ್ತು ಮೂವತ್ತೈದಿತ್ತು ಎನ್ನುತ್ತಿದ್ದರು. ಒಳಗಿನ ಅಧಿಕಾರಿ ಕೆಟ್ಟವನೇನಲ್ಲ. ಗಡಿಯಾರದವನನ್ನೇ ಕೇಳೋಣ, ನಿಂತಿದ್ದಿದ್ದರೆ ಬಿಟ್ಟುಕೊಳ್ಳೋಣ ಎಂದ. ಎಲ್ಲರೂ ಇವನತ್ತ ತಿರುಗಿದರು. ಅಷ್ಟು ಜನ ಒಟ್ಟಿಗೆ ತಿರುಗಿದರೆ ಇವನಿಗೆ ಏನಾಗುತ್ತದೆಂದು ಇವನಿಗೆ ಗೊತ್ತಿತ್ತು. "ನನ್ನ ಗಡಿಯಾರ ನಿಲ್ಲೋದಾ? ಸೂರ್ಯ ಬೇಕಾದ್ರೆ ಒಂದು ದಿನ ರಜಾ ಹಾಕ್ಬಹುದು ಸಾರ್." ಜನ ಗೊಳ್ಳೆಂದು ನಕ್ಕರು. ಭಾವನೂ ನಕ್ಕರು, ಸ್ವಲ್ಪ; ಸರಳಿನಿಂದ ಕೈ ತೆಗೆದು ಅಂಗೈಗಂಟಿದ ತುಕ್ಕು ನೋಡಿಕೊಂಡು, "ಹಾಗಾದ್ರೆ ನಾನೇ ತಪ್ಪು ನೋಡಿದ್ನೇನೋ" ಎಂದರು. ಮುಂದಿನ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಕಣ್ಣು ಚೆನ್ನಾಗಿದೆ ಎಂದು ಡಾಕ್ಟರು ಹೇಳಿದರೂ ಕೇಳದೆ, ಇಲ್ಲ ಏನೋ ಇದೆ ಎಂದು ಹಟ ಹಿಡಿದು ಕನ್ನಡಕ ಬರೆಸಿಕೊಂಡರು. ಅವತ್ತಿನಿಂದ ಎಲ್ಲಿಗೆ ಹೋಗುವುದಿದ್ದರೂ ಎರಡು ಗಂಟೆ ಮುಂಚೆ. ಮದುವೆಗೆ ಹೋದರೆ ಚಪ್ಪರ ಕಟ್ಟುವವರ ಜೊತೆ, ಸಿನಿಮಾಕ್ಕೆ ಹೋದರೆ ಕಸ ಗುಡಿಸುವವರ ಜೊತೆ. ಆಫೀಸಿನಲ್ಲಿ 'ಮುಂಚಿನವರು' ಎಂದೇ ಹೆಸರು ಬಿತ್ತು. ಅವರ ಕೈಕೆಳಗೆ ಕೆಲಸ ಕಲಿತವರು ಅವರ ಮೇಲಿನ ಕುರ್ಚಿಗೆ ಹೋದರು. ಭಾವ ಅದೇ ಮೇಜಿನಲ್ಲಿ ನಿವೃತ್ತರಾದರು. ಕೈಯಲ್ಲಿ ವಾಚು ಕಟ್ಟಿದ್ದರೂ ಅದನ್ನು ನಂಬದೆ, ಇವನು ಸಿಕ್ಕಾಗಲೆಲ್ಲ, ಟೈಮೆಷ್ಟೋ, ಎಂದು ಇವನನ್ನೇ ಕೇಳುತ್ತಿದ್ದರು. ಇವನು ಸೆಕೆಂಡಿನ ತನಕ ಹೇಳುತ್ತಿದ್ದ. ಭಾವ ತಲೆಯಾಡಿಸಿ ವಾಚನ್ನು ಇವನ ಮಾತಿಗೆ ಸರಿಯಾಗಿ ತಿದ್ದಿಕೊಳ್ಳುತ್ತಿದ್ದರು. ಅದನ್ನು ನೋಡುವಾಗ ಇವನಿಗೆ ಏನಾಗುತ್ತಿತ್ತೆಂದರೆ, ಹೆಮ್ಮೆಯಾಗುತ್ತಿತ್ತು. ನಾಚಿಕೆಗೇಡು. ಹೆಮ್ಮೆಯೇ ಆಗುತ್ತಿತ್ತು. ಒಮ್ಮೆ ಅಕ್ಕ, "ನಿನ್ನ ಭಾವನಿಗೆ ಆ ಮುಳ್ಳೊಂದು ನೆಟ್ಟಗೆ ಕಂಡಿದ್ರೆ ನಮ್ಮ ಹಣೆಬರಹವೇ ಬೇರೆ ಇತ್ತು ಕಣೋ" ಎಂದಾಗ ಇವನು ಹೂಂಗುಟ್ಟಿ ಎರಡನೇ ಸಲ ಬಡಿಸಿಕೊಂಡಿದ್ದ.

"ಬಂದ್ರು ನೋಡಿ ಮುಂಚಿನವರು" ಎಂದು ಸಲೂನಿನವನು ಬಾಗಿಲ ಕಡೆ ನಕ್ಕ. "ಹನ್ನೊಂದಕ್ಕೆ ಬನ್ನಿ ಅಂದ್ರೆ ಒಂಬತ್ತಕ್ಕೇ ಹಾಜರ್!"

ಭಾವ ಚಪ್ಪಲಿ ಕಳಚಿ ಒಳಗೆ ಬಂದರು. ಎಪ್ಪತ್ತನಾಲ್ಕಾಗಿತ್ತು. ಕನ್ನಡಕ ಈಗ ಸೋಡಾ ಬಾಟಲಿಯ ತಳದಷ್ಟು ದಪ್ಪ. ಸುಳ್ಳಿಗೆ ಹಾಕಿಕೊಂಡದ್ದು ವರ್ಷ ಕಳೆದಂತೆ ನಿಜಕ್ಕೂ ಬೇಕಾಗಿತ್ತು. "ಮನೇಲಿ ಕೂತು ಏನು ಮಾಡ್ಲಿ ಹೇಳು. ಓ, ನೀನೂ ಇದ್ದೀಯಾ" ಎಂದು ಇವನ ಹೆಗಲು ತಟ್ಟಿದರು. ಆಮೇಲೆ ಫೋಟೋ ಕಂಡರು. ಹತ್ತಿರ ಹೋಗಿ ಕತ್ತು ಮುಂದೆ ಚಾಚಿ ಬಹಳ ಹೊತ್ತು ಹುಡುಕಿ, ಒಮ್ಮೆಲೇ ಹುಡುಗನ ಹಾಗೆ ನಕ್ಕರು. "ಇದು ನಾನಲ್ವೇನೋ! ಈ ಬೆಂಚಿನ ಮೇಲೆ! ನೋಡ್ರೋ, ಕನ್ನಡಕ ಇಲ್ಲ ಆಗ. ತಲೆ ತುಂಬಾ ಕೂದಲು. ಇದು ಯಾವತ್ತು ತೆಗೆದಿದ್ದು?"

ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನ ಮುಖದ ಮೇಲೆ ನೊರೆ ಒಣಗಿ ಬಿಗಿಯುತ್ತಿತ್ತು. ಸುಮ್ಮನಿದ್ದರೆ ಮುಗಿಯಿತು. ಭಾವ ತಮ್ಮ ಕೂದಲು ನೋಡಿ ಖುಷಿಪಟ್ಟು ಮನೆಗೆ ಹೋಗುತ್ತಾರೆ, ಅಕ್ಕನನ್ನು ಕರೆತಂದು ತೋರಿಸುತ್ತಾರೆ, ಅಕ್ಕನೂ ಕೂದಲನ್ನೇ ನೋಡುತ್ತಾಳೆ. ಇನ್ನು ಹತ್ತು ವರ್ಷ, ಹೆಚ್ಚೆಂದರೆ ಹದಿನೈದು. ಆಮೇಲೆ ಇದನ್ನು ಕೇಳುವವರೂ ಇಲ್ಲ ಹೇಳುವವರೂ ಇಲ್ಲ. ಕನ್ನಡಿಯೊಳಗೆ ಭಾವನ ಬೆನ್ನಿತ್ತು. ಅಂಗಿಯ ಕಾಲರು ಸವೆದು ತಿರುಗಿಸಿ ಹೊಲಿದದ್ದು. ಆ ಹೊಲಿಗೆ ಕಂಡದ್ದೇ ತಡ, ಇವನ ಬಾಯಿ ಇವನನ್ನು ಕೇಳದೆ ತೆರೆದುಕೊಂಡಿತು.

"ನಿಮ್ಮ ಪರೀಕ್ಷೆ ದಿನ ಭಾವ."

"ಯಾವ ಪರೀಕ್ಷೆ?"

"ಅವತ್ತು ಗಡಿಯಾರ ನಿಂತಿತ್ತು. ನಾನೇ ಹಿಡಿದು ನಿಲ್ಲಿಸಿದ್ದೆ. ಫೋಟೋದಲ್ಲಿ ಬರ್ಲಿ ಅಂತ. ಈ ಕೈಯಲ್ಲಿ ಹಿಡ್ಕೊಂಡು ಇಪ್ಪತ್ತೈದು ನಿಮಿಷಕ್ಕೂ ಮೇಲೆ ನಿಂತಿದ್ದೆ."

ಟೈಲರು ತೊಡೆ ಬಡಿದುಕೊಂಡು ನಗತೊಡಗಿದ. ಸಲೂನಿನವನು ಕತ್ತಿ ಕೆಳಗಿಟ್ಟು ನಕ್ಕ. ಭಾವನೂ ನಕ್ಕರು, ಕೆಮ್ಮು ಬರುವ ತನಕ.

"ಕೇಳಿದ್ರಾ? ಹೊಸದು ಬಂತು!" ಎಂದ ಟೈಲರು. "ಸೂರ್ಯಂಗೆ ರಜಾ ಕೊಡಿಸಿದ್ದಾಯ್ತು, ಈಗ ಊರಿನ ಹೊತ್ತನ್ನೇ ಅಂಗೈಲಿ ಹಿಡಿದು ನಿಲ್ಲಿಸಿದ್ರಂತೆ!"

"ಅಲ್ಲ ಕಣೋ" ಎಂದರು ಭಾವ ಕಣ್ಣೊರೆಸಿಕೊಳ್ಳುತ್ತ, "ನಂಗೆ ಸಮಾಧಾನ ಮಾಡೋಕೆ ಇಷ್ಟು ದೊಡ್ಡ ಸುಳ್ಳು ಬೇಕಿತ್ತಾ? ನಿನ್ನ ಗಡಿಯಾರ ನಿಲ್ಲುತ್ತಾ? ನಾನು ಕಣ್ಣು ಕೆಟ್ಟವನು, ನೋಡೋದ್ರಲ್ಲಿ ತಪ್ಪಿದೆ. ಮುಗೀತು. ಆವತ್ತಿಂದು ಯಾಕೆ ಈಗ."

ಇವನಿಗೆ ನಗು ಬಂದುಬಿಟ್ಟಿತು, ಅಳುವಿನ ಜಾಗದಲ್ಲಿ. ಜನ್ಮದಲ್ಲಿ ಹೇಳಿದ ಸಾವಿರ ಸುಳ್ಳನ್ನು ನಂಬಿದವರು ಈ ಒಂದನ್ನು ನಂಬಲಾರರು. ನಂಬಿಸಲು ಇವನ ಹತ್ತಿರ ಬೇರೆ ಮಾತೂ ಇರಲಿಲ್ಲ. ಇದ್ದ ಮಾತನ್ನೆಲ್ಲ ಸೂರ್ಯನ ಮೇಲೆ, ಮೀಸೆಯ ಮೇಲೆ ಖರ್ಚು ಮಾಡಿ ಮುಗಿಸಿದ್ದ. ಕುತ್ತಿಗೆಗೆ ಕಟ್ಟಿದ ಬಿಳಿ ಬಟ್ಟೆಯನ್ನು ಎಳೆದುಕೊಂಡೇ ಕುರ್ಚಿಯಿಂದ ಇಳಿದ. ಅರ್ಧ ಬೋಳು, ಅರ್ಧ ನೊರೆ. ಫೋಟೋದ ಹತ್ತಿರ ಹೋಗಿ, ಗಡಿಯಾರವನ್ನಲ್ಲ, ಬೀದಿಯ ತುದಿಯನ್ನು ಬೆರಳಿಟ್ಟು ತೋರಿಸಿದ.

"ಗೇಟು ನೋಡಿ ಭಾವ. ಅದನ್ನ ಎಳೀತಾ ಇರೋನನ್ನ ನೋಡಿ. ಎಷ್ಟು ಗಂಟೆಗೆ ಮುಚ್ತಿದ್ರು ಅದನ್ನ?"

"ಹತ್ತಕ್ಕೆ" ಎಂದರು ಭಾವ, ನಗು ಇನ್ನೂ ಪೂರ್ತಿ ಇಳಿಯದ ದನಿಯಲ್ಲಿ. ನೋಡಿದರು. ಕಾವಲುಗಾರನನ್ನು ನೋಡಿದರು. ಅಲ್ಲಿಂದ ಅವರ ಕಣ್ಣು ಬೀದಿಯುದ್ದಕ್ಕೂ ನಿಧಾನವಾಗಿ, ಪ್ರತಿ ಅಂಗಡಿಯ ಮುಂದೆಯೂ ನಿಂತು ನಿಂತು, ಸೈಕಲ್ಲಿನ ಚಕ್ರ ದಾಟಿ, ನಾಯಿ ದಾಟಿ, ಬೆಂಚಿನ ಮೇಲಿನ ಕನ್ನಡಕವಿಲ್ಲದ ಮನುಷ್ಯನ ಹತ್ತಿರ ಬಂತು. ಆ ಮನುಷ್ಯ ಎತ್ತ ನೋಡುತ್ತಿದ್ದಾನೋ ಅತ್ತ ಇವರೂ ನೋಡಿದರು. ಕನ್ನಡಕ ತೆಗೆದರು. ತೆಗೆದರೆ ಏನೂ ಕಾಣಲಿಲ್ಲವೇನೋ, ಅಂಗಿಯ ತುದಿಯಲ್ಲಿ ಎರಡೂ ಗಾಜು ಒರೆಸಿ ಮತ್ತೆ ಹಾಕಿಕೊಂಡರು. ಭಾವ ತೋರುಬೆರಳನ್ನು ಗಾಜಿಗೆ ತಾಗಿಸಿ, ಮೊದಲು ಚಿಕ್ಕ ಮುಳ್ಳಿನ ಮೇಲೆ, ಆಮೇಲೆ ದೊಡ್ಡದರ ಮೇಲೆ, ಒಂದನೇ ಕ್ಲಾಸಿನ ಹುಡುಗನ ಹಾಗೆ ಇಟ್ಟು ಓದಿದರು.

"ಒಂಬತ್ತು... ಮೂವತ್ತೈದು."

ಇವನ ಕಡೆ ತಿರುಗಿದರು. "ಸರಿಯಾಗಿ ಓದಿದ್ನೇನೋ?"

"ಸರಿಯಾಗಿದೆ ಭಾವ."

"ಅವತ್ತೂ?"

"ಅವತ್ತೂ."

ಬಯ್ಯುತ್ತಾರೆಂದು ಕಾದ. ಕೈ ಎತ್ತಿದರೂ ಆದೀತು ಎಂದು ನೊರೆಯಿದ್ದ ಕೆನ್ನೆಯನ್ನು ಮುಂದೆ ಮಾಡಿಯೇ ನಿಂತಿದ್ದ. ಭಾವ ಗಾಜಿನ ಮೇಲೆ ಬಿದ್ದ ತಮ್ಮ ಬೆರಳಿನ ಗುರುತನ್ನು ತೋಳಿನಿಂದ ಒರೆಸಿದರು, ಎರಡು ಸಲ ಒರೆಸಿದರು. ಬಾಗಿಲ ಹತ್ತಿರ ಹೋಗಿ ಚಪ್ಪಲಿಗೆ ಕಾಲು ಹುಡುಕಿದರು. ಅಭ್ಯಾಸಬಲದಿಂದ ವಾಚಿದ್ದ ಕೈ ಮೇಲೆ ಬಂತು, ವಾಚಿನ ತಿರುಪು ಬೆರಳ ನಡುವೆ ಬಂತು.

"ಟೈಮೆಷ್ಟು?" ಎಂದರು.

ಇವನ ಬಾಯಿ ಆಗಲೇ ತೆರೆದಿತ್ತು. ಭಾವ ನೋಡುತ್ತಿದ್ದುದು ಸಲೂನಿನವನನ್ನು.

ಸಲೂನಿನವನು ಒಮ್ಮೆ ಇವನ ಮುಖ ನೋಡಿದ, ಒಮ್ಮೆ ಅವರ ಮುಖ ನೋಡಿದ. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಜೇಬಿನಿಂದ ಫೋನು ತೆಗೆದ. "ಒಂಬತ್ತು ಹನ್ನೆರಡು" ಎಂದ. ಭಾವ ಅದನ್ನು ಕೇಳಿಸಿಕೊಂಡು, ಬಾಗಿಲ ಬೆಳಕಿಗೆ ಕೈ ಹಿಡಿದು, ಮುಳ್ಳನ್ನು ತಿದ್ದಿಕೊಂಡರು.